ಉಚಿತವಾಗಿ ಸಿಕ್ಕಿದ್ದಕ್ಕೆ ಉಚಿತವಾದದ್ದನ್ನು ಕೊಡುವುದು

ಪ್ರಶ್ನೆ: ನಾನು ತಿಪಟೂರಿನಲ್ಲಿ ಹನ್ನೊಂದು ವರ್ಷಗಳಿಂದ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಕರಪತ್ರ, ಸಹಕಾರ ಸಂಘಗಳ ವಾರ್ಷಿಕ ವರದಿ ಎಲ್ಲವನ್ನೂ ಲಿಬ್ರೆಆಫೀಸ್ ಮತ್ತು ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶಗಳಲ್ಲಿಯೇ ಮಾಡುತ್ತೇನೆ. ಇವೆರಡಕ್ಕೂ ಈವರೆಗೆ ಒಂದು ರೂಪಾಯಿ ಕೊಟ್ಟಿಲ್ಲ. ಲಿಬ್ರೆಆಫೀಸ್ ತೆರೆದಾಗ ಆಗಾಗ ಮೇಲ್ಭಾಗದಲ್ಲಿ ದೇಣಿಗೆ ಕೇಳುವ ಪಟ್ಟಿ ಬರುತ್ತದೆ; ನಾನು ಅದನ್ನು ಮುಚ್ಚಿ ಕೆಲಸಕ್ಕೆ ಕೂರುತ್ತೇನೆ. ಉಚಿತ ಎಂದ ಮೇಲೆ ಹಣ ಕೇಳುವುದು ಏಕೆ? ನಾನು ಇದರಿಂದಲೇ ಸಂಪಾದಿಸುತ್ತಿರುವುದರಿಂದ, ಕೊಡದಿರುವುದು ಮೋಸವೇ? ಇನ್ನೊಂದು ವಿಷಯ. ಜಾಹೀರಾತು ಇಲ್ಲವೆಂಬ ಕಾರಣಕ್ಕೆ ಫೋನಿಗೆ ಹಾಕಿಕೊಂಡಿದ್ದ ಫೋಟೊ ಆ್ಯಪ್ ಒಂದು, ಅಪ್‌ಡೇಟ್ ಆದ ಮೇಲೆ ಜಾಹೀರಾತು ತೋರಿಸಿ ಚಂದಾ ಕೇಳತೊಡಗಿತು. ಬಿ.ಕಾಂ. ಓದುತ್ತಿರುವ ನನ್ನ ಮಗ, "ಅಮ್ಮ, ಇದರ ಪ್ರೋ ಆವೃತ್ತಿಯ ಎಪಿಕೆ (ಫೋನಿಗೆ ಆ್ಯಪ್ ಹಾಕುವ ಕಡತ) ನಮ್ಮ ಗ್ರೂಪಿನಲ್ಲಿ ಸಿಗುತ್ತದೆ, ಹಾಕಿಕೊಡುತ್ತೇನೆ" ಎನ್ನುತ್ತಾನೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಕೊಡುವುದಾದರೆ ಎಷ್ಟು, ಯಾರಿಗೆ, ಯಾವ ದಾರಿಯಲ್ಲಿ? ವಿದೇಶಿ ತಾಣದಲ್ಲಿ ಕಾರ್ಡ್ ಸಂಖ್ಯೆ ಕೊಡಲು ಹೆದರಿಕೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಬೇರೆಯವರ ದುಡಿಮೆಯನ್ನು ಬೆಲೆ ಕೊಡದೆ ಬಳಸುತ್ತಿದ್ದೇನೆಯೇ ಎಂಬುದು ಒಂದು. ಕೊಡಲು ಹೋದರೆ ನಾನೇ ಮೋಸಹೋಗುತ್ತೇನೆಯೇ ಎಂಬುದು ಇನ್ನೊಂದು. ಹದಿನಾಲ್ಕು ವರ್ಷಗಳಿಂದ ತಂತ್ರಾಂಶ ಬರೆಯುತ್ತ, ಅವುಗಳಲ್ಲಿ ಎರಡನ್ನು ಮುಕ್ತವಾಗಿ ಬಿಟ್ಟು ನೋಡಿಕೊಳ್ಳುತ್ತಿರುವ ನಾನು ಈ ಪ್ರಶ್ನೆಯನ್ನು ಗಲ್ಲಾಪೆಟ್ಟಿಗೆಯ ಆಚೆ ಬದಿಯಿಂದ ಕಂಡವನು. ಆದ್ದರಿಂದ ಕಂಡದ್ದನ್ನು ಕಂಡ ಹಾಗೆಯೇ ಹೇಳುತ್ತೇನೆ.

ಮೊದಲು ಮೋಸದ ಮಾತು. ನೀವು ಯಾರಿಗೂ ಮೋಸ ಮಾಡಿಲ್ಲ. ಲಿಬ್ರೆಆಫೀಸ್ ಮತ್ತು ಇಂಕ್‌ಸ್ಕೇಪ್ ಎರಡೂ ಮುಕ್ತ ಪರವಾನಗಿಯಲ್ಲಿ ಬಂದಿರುವ ತಂತ್ರಾಂಶಗಳು. ಯಾವ ಉದ್ದೇಶಕ್ಕಾದರೂ ಬಳಸಬಹುದು, ಅದರಿಂದ ಹಣ ಸಂಪಾದಿಸಬಹುದು, ನಕಲು ಮಾಡಿ ಪಕ್ಕದ ಅಂಗಡಿಯವರಿಗೂ ಕೊಡಬಹುದು ಎಂದು ಬರೆದವರೇ ಆ ಪರವಾನಗಿಯಲ್ಲಿ ತಿಳಿದು ತಿಳಿದೇ ಬರೆದಿದ್ದಾರೆ. ಲಗ್ನಪತ್ರಿಕೆ ಮಾಡಿ ಹಣ ಪಡೆದಿದ್ದರಿಂದ ಆ ಅನುಮತಿಯ ಒಂದು ಅಕ್ಷರವೂ ಮುರಿದಿಲ್ಲ. ಈ ಬಗ್ಗೆ ಅಪರಾಧಪ್ರಜ್ಞೆ ಇಟ್ಟುಕೊಳ್ಳಬೇಡಿ. ಅದರಿಂದ ಯಾವ ಡೆವಲಪರನಿಗೂ ಉಪಯೋಗವಿಲ್ಲ.

ಆದರೆ "ಉಚಿತ ಎಂದ ಮೇಲೆ ಹಣ ಏಕೆ" ಎಂಬ ಪ್ರಶ್ನೆಯಲ್ಲಿ ಒಂದು ತಪ್ಪುಗ್ರಹಿಕೆ ಇದೆ. ಮುಕ್ತ ತಂತ್ರಾಂಶ ಚಳವಳಿಯನ್ನು ಹುಟ್ಟುಹಾಕಿದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯನ್ನು ಘೋಷಿಸಿದಾಗ ಅವರು ಹೇಳಿದ್ದು ಬೆಲೆಯ ಮಾತಲ್ಲ, ಸ್ವಾತಂತ್ರ್ಯದ ಮಾತು. ಅವರೇ 1985ರ ಸುಮಾರಿಗೆ ತಮ್ಮ ಈಮ್ಯಾಕ್ಸ್ ತಂತ್ರಾಂಶವನ್ನು ಟೇಪಿನಲ್ಲಿ ತುಂಬಿ 150 ಡಾಲರಿಗೆ ಮಾರಿ ಜೀವನ ನಡೆಸಿದರು. ಇಂಗ್ಲಿಷಿನಲ್ಲಿ ಸ್ವಾತಂತ್ರ್ಯಕ್ಕೂ ಪುಕ್ಕಟೆಗೂ ಒಂದೇ ಪದ ಇರುವುದರಿಂದ ಅವರು ನಾಲ್ಕು ದಶಕಗಳಿಂದ ಇದನ್ನು ವಿವರಿಸುತ್ತಲೇ ಇದ್ದಾರೆ. ನಮಗೆ ಆ ತೊಡಕಿಲ್ಲ. ಮುಕ್ತ ಎಂಬ ಪದ ಬೇರೆ, ಉಚಿತ ಎಂಬ ಪದ ಬೇರೆ. ಉಚಿತ ಎಂಬ ಪದಕ್ಕಂತೂ ತಕ್ಕದ್ದು, ಯೋಗ್ಯವಾದದ್ದು ಎಂಬುದೇ ಮೂಲದ ಅರ್ಥ. ಈ ಉತ್ತರದುದ್ದಕ್ಕೂ ನನ್ನ ಮನಸ್ಸಿನಲ್ಲಿರುವುದು ಆ ಹಳೆಯ ಅರ್ಥವೇ.

ಹಣ ಏಕೆ ಬೇಕು ಎಂಬುದಕ್ಕೆ ಎರಡು ಬಗೆಯ ತಂತ್ರಾಂಶಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಸಂದೇಶ ಕಳಿಸುವ ಸಿಗ್ನಲ್‌ನಂಥ ಆ್ಯಪ್‌ಗೆ ಹಗಲಿರುಳು ಓಡುವ ಸರ್ವರುಗಳು ಬೇಕು. ಅದನ್ನು ನಡೆಸುವ ಪ್ರತಿಷ್ಠಾನ ದೇಣಿಗೆಯ ಮೇಲೆಯೇ ನಿಂತಿದೆ. 2023ರ ನವೆಂಬರಿನಲ್ಲಿ ಅದು ತನ್ನ ಲೆಕ್ಕವನ್ನು ಬಿಚ್ಚಿಟ್ಟಿತು: ಹೊಸಬರು ನೋಂದಾಯಿಸುವಾಗ ಹೋಗುವ ಎಸ್ಎಂಎಸ್‌ಗಳಿಗೇ ವರ್ಷಕ್ಕೆ ಸುಮಾರು 60 ಲಕ್ಷ ಡಾಲರ್, ಒಟ್ಟು ಖರ್ಚು 2025ರ ಹೊತ್ತಿಗೆ ವರ್ಷಕ್ಕೆ ಸುಮಾರು 5 ಕೋಟಿ ಡಾಲರ್. ಇಲ್ಲಿ ಹಣ ಎಲ್ಲಿಗೆ ಹೋಗುತ್ತದೆ ಎಂಬುದು ಯಾರಿಗಾದರೂ ಅರ್ಥವಾಗುತ್ತದೆ.

ನಿಮ್ಮ ಫೋಟೊ ಆ್ಯಪ್‌ನಂಥದ್ದಕ್ಕೆ, ಇಂಕ್‌ಸ್ಕೇಪ್‌ನಂಥದ್ದಕ್ಕೆ ಇಂಥ ಸರ್ವರು ಬೇಕಿಲ್ಲ. ಅದು ನಿಮ್ಮದೇ ಯಂತ್ರದಲ್ಲಿ, ನಿಮ್ಮದೇ ಕರೆಂಟಿನಲ್ಲಿ ಓಡುತ್ತದೆ. ಹಾಗಾಗಿಯೇ "ಒಮ್ಮೆ ಬರೆದಾಯಿತು, ಇನ್ನೇನು ಖರ್ಚು" ಎಂದು ಜನರಿಗೆ ಅನಿಸುತ್ತದೆ. ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ಇದು, ಅತಿ ಹೆಚ್ಚು ತಪ್ಪಾದ ಮಾತೂ ಇದೇ. ತಂತ್ರಾಂಶ ಕಟ್ಟಿ ಬಿಟ್ಟ ಮನೆಯಂತಲ್ಲ, ಹೂಳು ತೆಗೆಯುತ್ತಲೇ ಇರಬೇಕಾದ ಕೆರೆಯಂತೆ. ಆಂಡ್ರಾಯ್ಡ್ ಪ್ರತಿವರ್ಷ ಹೊಸ ಆವೃತ್ತಿ ತರುತ್ತದೆ. ಪ್ಲೇ ಸ್ಟೋರಿನಲ್ಲಿ ಆ್ಯಪ್‌ಗೆ ಅಪ್‌ಡೇಟ್ ಕೊಡಬೇಕಾದರೆ ಅದು ಈಚಿನ ಆವೃತ್ತಿಗೆ ಹೊಂದುವಂತೆ ತಿದ್ದಿರಲೇಬೇಕು. ಆ ವರ್ಷ ಬಳಕೆದಾರರಿಗೆ ಕಾಣುವ ಒಂದು ಹೊಸ ಸೌಲಭ್ಯವನ್ನೂ ಸೇರಿಸದೆ, ಇದ್ದದ್ದು ಇದ್ದ ಹಾಗೆ ನಡೆಯಲಿ ಎಂಬುದಕ್ಕಷ್ಟೇ ಹಲವು ವಾರಗಳ ರಾತ್ರಿಗಳು ಹೋಗುತ್ತವೆ. ಫೋಟೊಗಳನ್ನು ಓದುವ ಅನುಮತಿಯ ನಿಯಮ ಬದಲಾದ ವರ್ಷ ನಾನು ಮಾಡಿದ್ದು ಇದೊಂದನ್ನೇ. ಅದು ಮುಗಿದ ದಿನ ಬಂದ ಮೊದಲ ಸಂದೇಶ, "ಅಪ್‌ಡೇಟ್‌ನಲ್ಲಿ ಏನೂ ಹೊಸದಿಲ್ಲ" ಎಂಬುದಾಗಿತ್ತು. ಬರೆದವರನ್ನು ನಾನು ದೂರುವುದಿಲ್ಲ, ಏಕೆಂದರೆ ಅವರಿಗೆ ಈ ಕೆಲಸ ಕಾಣುವಂಥದ್ದೇ ಅಲ್ಲ.

ಕಾಣದ ಕೆಲಸ ನಿಮ್ಮ ಅಂಗಡಿಯಲ್ಲಿಯೇ ಇದೆ. ನೀವು ಯೂನಿಕೋಡಿನಲ್ಲಿ "ಲಕ್ಷ್ಮಿ" ಎಂದು ಟೈಪ್ ಮಾಡಿದಾಗ ಕಕಾರಕ್ಕೆ ಷಕಾರದ ಒತ್ತು, ಅದಕ್ಕೆ ಮತ್ತೆ ಮಕಾರದ ಒತ್ತು, ಮೇಲೆ ಗುಡಿಸು ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂರುವುದು ಫಾಂಟಿನಿಂದ ಮಾತ್ರ ಆಗುವುದಿಲ್ಲ. ಫಾಂಟಿನ ನಿಯಮಗಳನ್ನು ಓದಿ ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಝ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಒಳಗೆ ಕೂತಿದೆ. ಲಿಬ್ರೆಆಫೀಸ್, ಇಂಕ್‌ಸ್ಕೇಪ್, ನಿಮ್ಮ ಆಂಡ್ರಾಯ್ಡ್ ಫೋನು, ಕ್ರೋಮ್, ಫೈರ್‌ಫಾಕ್ಸ್ ಎಲ್ಲವೂ ಕನ್ನಡವನ್ನು ಅದರ ಮೂಲಕವೇ ಜೋಡಿಸುತ್ತವೆ. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯರಾದ ಬೆಹದಾದ್ ಎಸ್ಫಹಬೋದ್ ಇರಾನಿನಲ್ಲಿ ಹುಟ್ಟಿದವರು. ಹಲವು ವರ್ಷ ಅವರು ಈ ಕೆಲಸವನ್ನು ರೆಡ್ ಹ್ಯಾಟ್, ಗೂಗಲ್‌ಗಳಂಥ ಕಂಪನಿಗಳ ಸಂಬಳದಲ್ಲಿ ಇದ್ದುಕೊಂಡು ಮಾಡಿದರು. ಇದನ್ನು ಹೇಳುವುದಕ್ಕೆ ಕಾರಣವಿದೆ: ಮುಕ್ತ ತಂತ್ರಾಂಶವೆಂದರೆ ಹವ್ಯಾಸಿಗಳು ಬಿಡುವಿನಲ್ಲಿ ಬರೆದದ್ದು ಎಂಬುದು ಅರ್ಧ ಸತ್ಯ. ದೊಡ್ಡ ತಂತ್ರಾಂಶಗಳ ಬಹುಭಾಗವನ್ನು ಸಂಬಳದ ಎಂಜಿನಿಯರುಗಳೇ ಬರೆಯುತ್ತಾರೆ. ಲಿಬ್ರೆಆಫೀಸ್‌ನಲ್ಲಿಯೂ ಕೊಲಾಬೊರಾದಂಥ ಕಂಪನಿಗಳ ಪಾಲು ದೊಡ್ಡದು. ಅದನ್ನು ನಡೆಸುವ, ಬರ್ಲಿನ್ನಿನಲ್ಲಿರುವ ಡಾಕ್ಯುಮೆಂಟ್ ಫೌಂಡೇಶನ್‌ಗೆ ಬರುವ ದೇಣಿಗೆಯಿಂದ ಸರ್ವರು, ಬಿಡುಗಡೆ, ಪರೀಕ್ಷೆ, ಅನುವಾದದ ವ್ಯವಸ್ಥೆ ಮತ್ತು ಒಂದು ಸಣ್ಣ ತಂಡದ ಸಂಬಳ ನಡೆಯುತ್ತದೆ. ಹಣದ ಕೊರತೆ ತೀವ್ರವಾಗಿರುವುದು ಕಂಪನಿಗಳ ಕಣ್ಣಿಗೆ ಬೀಳದ ಸಣ್ಣ ತಂತ್ರಾಂಶಗಳಲ್ಲಿ ಮತ್ತು ಒಬ್ಬರೇ ಹೊತ್ತಿರುವ ಆ್ಯಪ್‌ಗಳಲ್ಲಿ.

ಕೊರತೆ ಏನು ಮಾಡಬಲ್ಲದು ಎಂಬುದಕ್ಕೆ ಎರಡು ಘಟನೆಗಳನ್ನು ಹೇಳಲೇಬೇಕು. ಬ್ಯಾಂಕು, ಇಮೇಲ್ ಎಲ್ಲದರ ಬೀಗದಂತೆ ಕೆಲಸ ಮಾಡುವ ಓಪನ್ಎಸ್ಎಸ್ಎಲ್‌ನಲ್ಲಿ 2014ರ ಏಪ್ರಿಲಿನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾಯಿತು. ಸರ್ವರುಗಳ ಸ್ಮೃತಿಯಲ್ಲಿದ್ದ ಗುಟ್ಟಿನ ಮಾಹಿತಿಯನ್ನು ಹೊರಗಿನವರು ಓದಬಹುದಾಗಿತ್ತು. ಜಗತ್ತು ಗಾಬರಿಯಾಗಿ ತಿರುಗಿ ನೋಡಿದಾಗ ತಿಳಿದದ್ದು ಇಷ್ಟು: ಇಷ್ಟೆಲ್ಲ ಹೊತ್ತಿದ್ದ ಆ ಯೋಜನೆಗೆ ಪೂರ್ಣಾವಧಿ ಕೆಲಸಗಾರ ಒಬ್ಬರು, ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಎರಡನೆಯದು 2024ರ ಮಾರ್ಚಿನದು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ತಂತ್ರಾಂಶವನ್ನು ಒಬ್ಬರೇ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು ಅವರು 2022ರಲ್ಲಿಯೇ ಬರೆದಿದ್ದರು. ಬೇಗ ಬೇಗ ಬಿಡುಗಡೆ ಮಾಡಿ ಎಂದು ಕೆಲವು ಹೆಸರುಗಳಿಂದ ಒತ್ತಡ ಬರುತ್ತಿದ್ದ ಅದೇ ಕಾಲದಲ್ಲಿ, ನೆರವಿಗೆ ಬಂದವನಂತೆ ನಟಿಸಿದ ಒಬ್ಬ ಎರಡು ವರ್ಷಗಳಿಗೂ ಹೆಚ್ಚು ಕಾಲ ತಾಳ್ಮೆಯಿಂದ ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲನ್ನು ಇಟ್ಟ. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ತಮ್ಮ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನು ಹತ್ತಿದ್ದರಿಂದ ಅದು ವ್ಯಾಪಕವಾಗಿ ಹರಡುವ ಮೊದಲೇ ಸಿಕ್ಕಿಬಿತ್ತು. ಹಣ ಒಂದೇ ಅದನ್ನು ತಡೆಯುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ದಣಿದ ಒಬ್ಬರ ಪಕ್ಕದಲ್ಲಿ ನಿಲ್ಲಲು ಜಗತ್ತಿನಿಂದ ಯಾರೂ ಬರದಿದ್ದಾಗ, ಬಂದವನು ಕಳ್ಳನಾಗಿದ್ದ ಎಂಬುದನ್ನು ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ.

ಈಗ ನಿಮ್ಮ ಫೋಟೊ ಆ್ಯಪ್. ಅದರ ಹೆಸರನ್ನು ನೀವು ಬರೆದಿಲ್ಲ, ಅದು ಬೇಕಾಗಿಯೂ ಇಲ್ಲ. ಆದದ್ದು ಏನು ಎಂಬುದನ್ನು ಎಲ್ಲರಿಗೂ ತಿಳಿದ ಇನ್ನೊಂದು ಪ್ರಕರಣದಿಂದ ವಿವರಿಸಬಹುದು. ಸಿಂಪಲ್ ಮೊಬೈಲ್ ಟೂಲ್ಸ್ ಎಂಬ ಹೆಸರಿನಲ್ಲಿ ಗ್ಯಾಲರಿ, ಕ್ಯಾಲೆಂಡರ್, ಫೈಲ್ ಮ್ಯಾನೇಜರ್ ಮೊದಲಾದ ಜಾಹೀರಾತಿಲ್ಲದ ಮುಕ್ತ ಆ್ಯಪ್‌ಗಳ ಒಂದು ಗುಂಪು ಇತ್ತು. 2023ರ ಕೊನೆಯಲ್ಲಿ ಅದರ ಮೂಲ ಡೆವಲಪರ್ ಇಡೀ ಗುಂಪನ್ನು ಜಿಪೊಆ್ಯಪ್ಸ್ ಎಂಬ ಕಂಪನಿಗೆ ಮಾರಿದರು. ಇಂಥ ಮಾರಾಟದಲ್ಲಿ ಕೊಳ್ಳುವವರಿಗೆ ಸಿಗುವುದು ಬರಿಯ ಕೋಡ್ ಅಲ್ಲ, ಪ್ಲೇ ಸ್ಟೋರಿನ ಖಾತೆ ಮತ್ತು ಈಗಾಗಲೇ ಫೋನುಗಳಲ್ಲಿ ಕೂತಿರುವ ಆ್ಯಪ್. ಮುಂದಿನ ಅಪ್‌ಡೇಟ್ ಹೊಸ ಒಡೆಯರ ಕೈಯಿಂದ ನೇರವಾಗಿ ನಿಮ್ಮ ಫೋನಿಗೆ ಇಳಿಯುತ್ತದೆ. ಒಡೆತನ ಬದಲಾಯಿತೆಂದು ನಿಮಗೆ ಯಾರೂ ಹೇಳಬೇಕಾಗಿಲ್ಲ. ಆ ಪ್ರಕರಣದಲ್ಲಿ ಒಳ್ಳೆಯದೂ ಆಯಿತು. ಕೋಡ್ ಮುಕ್ತವಾಗಿದ್ದರಿಂದ ಅದರ ಹಿಂದಿನ ಕೊಡುಗೆದಾರರೊಬ್ಬರು ಹಳೆಯ ಕೋಡನ್ನೇ ತೆಗೆದುಕೊಂಡು ಫಾಸಿಫೈ ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಿದರು. ಇಂದು ಅದು ಎಫ್-ಡ್ರಾಯ್ಡ್ ಎಂಬ ಮುಕ್ತ ಆ್ಯಪ್‌ಗಳ ಭಂಡಾರದಲ್ಲಿಯೂ ಪ್ಲೇ ಸ್ಟೋರಿನಲ್ಲಿಯೂ ಸಿಗುತ್ತದೆ. ನಿಮಗೆ ಬೇಕಾದ ಜಾಹೀರಾತಿಲ್ಲದ ಗ್ಯಾಲರಿ ಅದರಲ್ಲಿದೆ. ಮುಕ್ತ ಪರವಾನಗಿಯ ನಿಜವಾದ ಬೆಲೆ ಇಲ್ಲಿ ಕಾಣುತ್ತದೆ. ಬರಿಯ ಉಚಿತ ಆ್ಯಪ್ ಕೈ ಬದಲಾದರೆ ಬಳಕೆದಾರರಿಗೆ ಉಳಿಯುವುದು ತೆಗೆದುಹಾಕುವ ದಾರಿ ಮಾತ್ರ.

ಮಾರಿದವರನ್ನು ಬೈಯುವುದು ಸುಲಭ, ನಾನು ಬೈಯಲಾರೆ. ವರ್ಷಗಟ್ಟಲೆ ಒಬ್ಬರೇ ಹೊತ್ತ ಮೇಲೆ ಇಳಿಸಬೇಕೆನ್ನಿಸುವುದು ಸಹಜ. ಅದೇ ಹೊತ್ತಿನಲ್ಲಿ ಇನ್ನೊಂದು ಬಗೆಯ ನಡೆಯೂ ಇದೆ. ವಿಎಲ್‌ಸಿ ಪ್ಲೇಯರ್‌ನ ಜಾನ್-ಬಾಪ್ಟಿಸ್ಟ್ ಕೆಂಫ್ ಅವರು ಜಾಹೀರಾತು ಸೇರಿಸಲು ಬಂದ ಕೋಟಿಗಟ್ಟಲೆ ಯೂರೋಗಳ ಆಹ್ವಾನಗಳನ್ನು ನಿರಾಕರಿಸಿದ್ದಾಗಿ ಹೇಳಿದ್ದಾರೆ. ಇಂಥವರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಎಲ್ಲ ಡೆವಲಪರುಗಳೂ ಹಾಗೆಯೇ ಇರಬೇಕೆಂದು, ನಾವು ಏನನ್ನೂ ಕೊಡದೆ, ನಿರೀಕ್ಷಿಸುವುದು ನ್ಯಾಯವಲ್ಲ.

ದೇಣಿಗೆ ನಿಜವಾಗಿ ಕೆಲಸ ಮಾಡುತ್ತದೆಯೇ? ಕೆಲವು ಕಡೆ ಚೆನ್ನಾಗಿಯೇ ಮಾಡಿದೆ. 2002ರಲ್ಲಿ ಬ್ಲೆಂಡರ್ ಎಂಬ ಮೂರು ಆಯಾಮದ ಚಿತ್ರಣದ ತಂತ್ರಾಂಶದ ಕಂಪನಿ ಮುಚ್ಚಿಹೋದಾಗ, ಅದರ ಕೋಡನ್ನು ಹೂಡಿಕೆದಾರರಿಂದ ಬಿಡಿಸಿಕೊಳ್ಳಲು 1 ಲಕ್ಷ ಯೂರೋ ಬೇಕಾಗಿತ್ತು. ಬಳಕೆದಾರರು ಅದನ್ನು ಏಳು ವಾರಗಳಲ್ಲಿ ಕೂಡಿಸಿಕೊಟ್ಟರು. ಥಂಡರ್‌ಬರ್ಡ್ ಇಮೇಲ್ ತಂತ್ರಾಂಶ ಒಂದು ಕಾಲದಲ್ಲಿ ಮೂಲೆಗೆ ಸರಿದಿತ್ತು. 2022ರಲ್ಲಿ ಅದಕ್ಕೆ ಬಂದ ದೇಣಿಗೆ ಸುಮಾರು 64 ಲಕ್ಷ ಡಾಲರ್. ಆ ವರ್ಷ ಅವರು ಮಾಡಿದ ಮುಖ್ಯ ಬದಲಾವಣೆಗಳಲ್ಲಿ ಒಂದು, ತಂತ್ರಾಂಶದ ಒಳಗೇ ಬಳಕೆದಾರರನ್ನು ನೇರವಾಗಿ ಕೇಳಿದ್ದು. ಇದನ್ನು ನನ್ನ ಅನುಭವವೂ ಹೇಳುತ್ತದೆ. ಕೇಳಲು ಸಂಕೋಚಪಟ್ಟು ನಾನು ದೇಣಿಗೆಯ ಗುಂಡಿಯನ್ನು ಸೆಟ್ಟಿಂಗ್ಸ್‌ನ ಕಟ್ಟಕಡೆಯ ಪುಟದಲ್ಲಿ ಬಚ್ಚಿಟ್ಟಿದ್ದಾಗ ಇಡೀ ವರ್ಷ ಯಾರೂ ಕೊಡಲಿಲ್ಲ. ಕಾಣುವ ಕಡೆಗೆ ತಂದ ಮೇಲೆ ಬರತೊಡಗಿತು. ಕೊಡುವ ಮನಸ್ಸು ಜನರಲ್ಲಿ ಮೊದಲೂ ಇತ್ತು. ಬಾಯಿಬಿಟ್ಟು ಕೇಳುವ ಧೈರ್ಯ ಇಲ್ಲದಿದ್ದದ್ದು ನನಗೆ. ಹಾಗಾಗಿ ಲಿಬ್ರೆಆಫೀಸ್‌ನ ಪಟ್ಟಿಯನ್ನು ಪೀಡೆಯೆಂದು ಭಾವಿಸಬೇಡಿ. ಮುಚ್ಚಿದರೆ ಅದು ನಿಮ್ಮ ಕೆಲಸಕ್ಕೆ ಅಡ್ಡಬರುವುದಿಲ್ಲ, ಯಾವ ಸೌಲಭ್ಯವನ್ನೂ ಕಸಿದುಕೊಳ್ಳುವುದಿಲ್ಲ. "ಬೇಡ" ಎಂಬ ಗುಂಡಿಯನ್ನು ಅಡಗಿಸುವುದು, ಬೇಡ ಎಂದವರನ್ನು ನಾಚಿಸುವ ಮಾತು ಬರೆಯುವುದು, ಚಂದಾದಿಂದ ಹೊರಬರಲು ಬಿಡದಿರುವುದು ಇವು ಬೇರೆಯೇ ಜಾತಿಯವು. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನ ಮಾರ್ಗಸೂಚಿಯಲ್ಲಿ ಇಂಥವನ್ನು ನಿಷೇಧಿತ ತಂತ್ರಗಳೆಂದು ಪಟ್ಟಿಮಾಡಿದೆ.

ಈಗ ಕೊಡುವ ವಿಷಯ. ದೇಣಿಗೆ ಎಂಬ ಪದವೇ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ ಎಂದು ನನಗೆ ಅನಿಸುತ್ತದೆ. ಅದು ಅನುಗ್ರಹದ ಮಾತು. ಕೊಡುವವರು ಮೇಲೆ, ಪಡೆಯುವವರು ಕೆಳಗೆ. ನಮ್ಮ ಹಳ್ಳಿಗಳಲ್ಲಿ ಆಯ ಎಂಬುದೊಂದಿತ್ತು. ನೇಗಿಲಿನ ಕುಳ ಬಡಿದುಕೊಟ್ಟ ಕಮ್ಮಾರರಿಗೆ, ಗಾಡಿ ರಿಪೇರಿ ಮಾಡಿದ ಬಡಗಿಗೆ ಪ್ರತಿ ಸಲ ಹಣ ಎಣಿಸುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದಿಂದಲೇ ಅವರ ಪಾಲಿನ ಕಾಳು ಹೋಗುತ್ತಿತ್ತು. ಆ ವ್ಯವಸ್ಥೆಯೊಳಗೆ ಜಾತಿಯ ಕಟ್ಟು ಮತ್ತು ಅನ್ಯಾಯಗಳಿದ್ದವು, ಅದು ಮರಳಿ ಬರಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅದರೊಳಗಿನ ಒಂದು ತಿಳಿವಳಿಕೆ ಸರಿಯಾಗಿತ್ತು: ಉಪಕರಣವನ್ನು ಸುಸ್ಥಿತಿಯಲ್ಲಿ ಇಡುವವರ ಪಾಲು ಫಸಲಿನಲ್ಲಿಯೇ ಇದೆ, ಅದು ಭಿಕ್ಷೆಯಲ್ಲ. ನಿಮ್ಮ ಅಂಗಡಿಯಲ್ಲಿ ಆಯುಧಪೂಜೆಯ ದಿನ ಕಂಪ್ಯೂಟರಿಗೂ ಪ್ರಿಂಟರಿಗೂ ಕುಂಕುಮ ಇಟ್ಟು ಹೂವು ಮುಡಿಸುತ್ತೀರಲ್ಲ, ಆ ಹೊತ್ತಿನಲ್ಲಿ ಆ ಯಂತ್ರದೊಳಗೆ ದುಡಿಯುವ ತಂತ್ರಾಂಶಗಳ ಲೆಕ್ಕವನ್ನೂ ವರ್ಷಕ್ಕೊಮ್ಮೆ ನೋಡಿಕೊಳ್ಳಿ. ಎಷ್ಟು ಎಂದು ಕೇಳಿದ್ದೀರಿ. ಅದಕ್ಕೆ ಶಾಸ್ತ್ರವಿಲ್ಲ, ನಾನು ಹೇಳುವ ಅಳತೆ ಇದು. ಆ ತಂತ್ರಾಂಶ ನಾಳೆ ನಿಂತುಹೋದರೆ ನಿಮ್ಮ ಎಷ್ಟು ದಿನದ ದುಡಿಮೆ ಕೆಡುತ್ತದೆ ಎಂದು ಯೋಚಿಸಿ, ಅದರಲ್ಲಿ ಒಂದು ದಿನದ ಲಾಭವನ್ನು ಕೊಡಿ. ಸಂಪಾದನೆ ಶುರುವಾಗದ ನಿಮ್ಮ ಮಗ ಏನನ್ನೂ ಕೊಡಬೇಕಾಗಿಲ್ಲ. ನಿಮ್ಮಂಥ ಸಣ್ಣ ಅಂಗಡಿಗಿಂತ ದೊಡ್ಡ ಜವಾಬ್ದಾರಿ ದೊಡ್ಡ ಕಂಪನಿಗಳದ್ದು, ಮತ್ತು ಅದರಲ್ಲಿ ಬೆಂಗಳೂರಿನಿಂದಲೇ ಒಂದು ಒಳ್ಳೆಯ ಮಾದರಿ ಬಂದಿದೆ: ಷೇರು ವಹಿವಾಟಿನ ಜೆರೋಧಾ 2024ರ ಅಕ್ಟೋಬರಿನಲ್ಲಿ ಫ್ಲಾಸ್ ಫಂಡ್ ಎಂಬ ನಿಧಿಯನ್ನು ಆರಂಭಿಸಿ, ಜಗತ್ತಿನ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವುದಾಗಿ ಘೋಷಿಸಿತು.

ಯಾವ ದಾರಿಯಲ್ಲಿ ಕೊಡುತ್ತೀರಿ ಎಂಬುದರ ಮೇಲೆ ತಲುಪುವ ಮೊತ್ತ ಬದಲಾಗುತ್ತದೆ. ಡೆವಲಪರ್ ಭಾರತದವರಾಗಿದ್ದು ಯುಪಿಐ ವಿಳಾಸ ಕೊಟ್ಟಿದ್ದರೆ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. 100 ರೂಪಾಯಿ ಕಳಿಸಿದರೆ 100 ರೂಪಾಯಿಯೂ ಸೇರುತ್ತದೆ. ಪ್ಲೇ ಸ್ಟೋರಿನ ಮೂಲಕ ಪ್ರೋ ಆವೃತ್ತಿ ಕೊಂಡರೆ ನಡುವೆ ಸ್ಟೋರಿನ ಪಾಲು ಇದೆ. 2021ರಲ್ಲಿ ಗೂಗಲ್ ಮತ್ತು ಆ್ಯಪಲ್ ಎರಡೂ ಸಣ್ಣ ಡೆವಲಪರುಗಳಿಗೆ ಆ ಪಾಲನ್ನು ಶೇ. 30ರಿಂದ ಶೇ. 15ಕ್ಕೆ ಇಳಿಸಿದವು. ಹಾಗಾದರೆ ಆ್ಯಪ್‌ನೊಳಗೇ ನೇರ ದೇಣಿಗೆಯ ಕೊಂಡಿ ಕೊಡಬಾರದೇ ಎಂದು ನೀವು ಕೇಳಬಹುದು. ಕೊಟ್ಟದ್ದಕ್ಕಾಗಿಯೇ 2019ರಲ್ಲಿ ವೈರ್‌ಗಾರ್ಡ್ ಎಂಬ ಹೆಸರಾಂತ ಮುಕ್ತ ಆ್ಯಪ್ ಪ್ಲೇ ಸ್ಟೋರಿನಿಂದ ಕೆಲಕಾಲ ಹೊರಬಿದ್ದಿತ್ತು. ಎಷ್ಟೋ ಆ್ಯಪ್‌ಗಳಲ್ಲಿ ದೇಣಿಗೆಯ ದಾರಿ ಕಾಣದಿರುವುದಕ್ಕೆ ಇದೇ ಕಾರಣ; ಅವರ ಜಾಲತಾಣಕ್ಕೆ ಹೋಗಿ ನೋಡಬೇಕು. ಪ್ಲೇ ಸ್ಟೋರಿನಲ್ಲಿ ಕೊಳ್ಳುವುದಕ್ಕೂ ಅದರದೇ ಅನುಕೂಲವಿದೆ: ಬಿಲ್ಲು ಸಿಗುತ್ತದೆ, ಕೊಂಡದ್ದನ್ನು ನಿಮ್ಮ ಅಂಗಡಿಯ ಖರ್ಚಿಗೆ ಬರೆಯುವುದು ಸುಲಭ. ನಿಮ್ಮ ಲೆಕ್ಕಿಗರೂ ಅದನ್ನೇ ಇಷ್ಟಪಡುತ್ತಾರೆ. ವಿದೇಶಿ ಸಂಸ್ಥೆಗೆ ಅಥವಾ ಒಬ್ಬ ವ್ಯಕ್ತಿಗೆ ಕೊಟ್ಟ ದೇಣಿಗೆಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುವುದಿಲ್ಲ ಎಂಬುದು ಗಮನದಲ್ಲಿರಲಿ. ಕಂಪ್ಯೂಟರಿನ ಆಂಕಿ ಎಂಬ ಕಲಿಕೆಯ ತಂತ್ರಾಂಶ ಉಚಿತ, ಅದರ ಐಫೋನ್ ಆವೃತ್ತಿಗೆ ಮಾತ್ರ 24.99 ಡಾಲರ್ ಬೆಲೆ. ಆ ಹಣದಿಂದಲೇ ಉಳಿದದ್ದು ವರ್ಷಗಳ ಕಾಲ ನಡೆದುಬಂದಿದೆ. ಕೊಳ್ಳುವವರು ಕೊಂಡು, ಆಗದವರು ಉಚಿತವಾಗಿ ಬಳಸುವ ಈ ಕ್ರಮ ನನಗೆ ತುಂಬ ಹಿಡಿಸಿದೆ.

ವಿದೇಶಿ ತಾಣದಲ್ಲಿ ಕಾರ್ಡ್ ಬಳಸುವ ಹೆದರಿಕೆ ಆಧಾರವಿಲ್ಲದ್ದಲ್ಲ. ಅಲ್ಲಿ ಹಲವು ಸಲ ಓಟಿಪಿ ಕೇಳದೆಯೇ ಹಣ ಕಡಿತವಾಗುತ್ತದೆ. ಪರಿಹಾರ ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿಯೇ ಇದೆ: ಕಾರ್ಡಿನ ಅಂತಾರಾಷ್ಟ್ರೀಯ ಬಳಕೆಯನ್ನು ನೀವು ಬೇಕಾದಾಗ ತೆರೆದು ಬೇಕಾದಾಗ ಮುಚ್ಚಬಹುದು, ಮಿತಿಯನ್ನೂ ಹಾಕಬಹುದು. ಕೊಡಬೇಕೆಂದ ಮೊತ್ತಕ್ಕೆ ಮಿತಿ ಹಾಕಿ, ತೆರೆದು, ಕೊಟ್ಟು, ಮುಚ್ಚಿಬಿಡಿ. ತಿಂಗಳು ತಿಂಗಳೂ ಕೊಡುವುದಕ್ಕಿಂತ ವರ್ಷಕ್ಕೊಮ್ಮೆ ಕೊಡಿ ಎಂದು ನಾನು ಹೇಳುವುದಕ್ಕೆ ಎರಡು ಕಾರಣಗಳಿವೆ. ಪ್ರತಿ ವಹಿವಾಟಿಗೂ ಇಂತಿಷ್ಟು ಎಂದು ನಿಗದಿಯಾದ ಶುಲ್ಕ ಹೋಗುವುದರಿಂದ ಸಣ್ಣ ಮೊತ್ತದಲ್ಲಿ ದೊಡ್ಡ ಪಾಲು ದಾರಿಯಲ್ಲಿಯೇ ಸೋರುತ್ತದೆ. ಜೊತೆಗೆ 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ತಾನಾಗಿ ಮರುಕಳಿಸುವ ಪಾವತಿಗಳಿಗೆ ಪ್ರತ್ಯೇಕ ನೋಂದಣಿ ಬೇಕಾಗಿರುವುದರಿಂದ ಹಲವು ವಿದೇಶಿ ತಾಣಗಳ ಮಾಸಿಕ ದೇಣಿಗೆ ನಮ್ಮ ಕಾರ್ಡುಗಳಲ್ಲಿ ನಿಲ್ಲುವುದೇ ಇಲ್ಲ. ಹುಡುಕಾಟದಲ್ಲಿ ಮೊದಲು ಕಂಡ ಕೊಂಡಿಯನ್ನು ಒತ್ತಬೇಡಿ; ಜನಪ್ರಿಯ ಮುಕ್ತ ತಂತ್ರಾಂಶಗಳ ಹೆಸರಿನಲ್ಲಿ ನಕಲಿ ತಾಣಗಳಿವೆ. ಲಿಬ್ರೆಆಫೀಸ್‌ನ ಒಳಗಿನ ಸಹಾಯ ಪಟ್ಟಿಯಲ್ಲಿರುವ ದೇಣಿಗೆಯ ಕೊಂಡಿಯಿಂದಲೇ ಹೋದರೆ ಆ ಅಪಾಯವಿಲ್ಲ.

ಒಂದು ಎಚ್ಚರಿಕೆಯನ್ನು ಡೆವಲಪರುಗಳ ಪರವಾಗಿ ಹೇಳಬೇಕು. ಕೊಟ್ಟ ಹಣ ಮುಂದಿನ ಕೆಲಸಕ್ಕೆ ಕರಾರು ಅಲ್ಲ. 500 ರೂಪಾಯಿ ಕಳಿಸಿ ಮರುದಿನ "ನನ್ನ ತೊಂದರೆ ಇನ್ನೂ ಸರಿಮಾಡಿಲ್ಲವೇಕೆ" ಎಂದು ಬರೆದವರಿದ್ದಾರೆ. ಅಂಥ ದೇಣಿಗೆಯನ್ನು ಹಿಂದಿರುಗಿಸಿ ನೆಮ್ಮದಿಯಾಗಿರೋಣ ಎಂದು ಅನಿಸಿದ್ದುಂಟು. ಹಾಗೆಯೇ ನೀವು ಕೊಟ್ಟ ಮೇಲೆಯೂ ಯೋಜನೆ ನಿಲ್ಲಬಹುದು, ಮಾರಾಟವಾಗಬಹುದು. ಸಿಂಪಲ್ ಮೊಬೈಲ್ ಟೂಲ್ಸ್‌ಗೆ ಹಣ ಕೊಟ್ಟು ಕೊಂಡವರೂ ಇದ್ದರು. ಈ ಅಪಾಯವನ್ನು ಪೂರ್ತಿ ನೀಗಲಾಗದು. ಒಬ್ಬರ ಬದಲು ಪ್ರತಿಷ್ಠಾನ ನಡೆಸುವ ಯೋಜನೆಗೆ, ಮುಚ್ಚಿದ ಕೋಡಿನ ಬದಲು ಮುಕ್ತ ಕೋಡಿಗೆ ಕೊಟ್ಟರೆ ಅದು ಕಡಿಮೆಯಾಗುತ್ತದೆ. ನಿಮ್ಮ ಇಂಕ್‌ಸ್ಕೇಪ್ ಅಮೆರಿಕದ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಎಂಬ ಲಾಭರಹಿತ ಸಂಸ್ಥೆಯ ಆಸರೆಯಲ್ಲಿದೆ, ಹಣ ಅದರ ಲೆಕ್ಕದ ಮೂಲಕವೇ ಹೋಗುತ್ತದೆ.

ನಿಮ್ಮ ಮಗನ ಎಪಿಕೆ ವಿಷಯದಲ್ಲಿ ನಿಮ್ಮ ಮನಸ್ಸು ಹೇಳಿದ್ದೇ ಸರಿ. ಅವನು ಒಂದು ನ್ಯಾಯವಾದ ವಾದ ಹೂಡಬಹುದು: ಕೋಡ್ ಮುಕ್ತವಾಗಿದ್ದರೆ ಹಂಚುವುದು ತಪ್ಪೇ? ಜಿಪಿಎಲ್‌ನಂಥ ಮುಕ್ತ ಪರವಾನಗಿಯ ಆ್ಯಪ್ ಆದರೆ, ಅದರ ನಿಯಮ ಪಾಲಿಸಿ ಹಂಚುವುದು ತಪ್ಪಲ್ಲ. ಆದರೆ ಅಂಥದ್ದಕ್ಕೆ ಗ್ರೂಪಿನ ಎಪಿಕೆ ಬೇಕಾಗಿಯೇ ಇಲ್ಲ, ಎಫ್-ಡ್ರಾಯ್ಡ್‌ನಲ್ಲಿ ಬಹುಮಟ್ಟಿಗೆ ನೇರವಾಗಿ ಸಿಗುತ್ತದೆ. ಗ್ರೂಪಿನಲ್ಲಿ ಸುತ್ತುವ ಪ್ರೋ ಎಪಿಕೆಗಳು ಸಾಮಾನ್ಯವಾಗಿ ಮುಚ್ಚಿದ ಆ್ಯಪ್‌ಗಳನ್ನು ಒಡೆದು ಹೊಲಿದವು. ಆಂಡ್ರಾಯ್ಡ್ ಪ್ರತಿಯೊಂದು ಆ್ಯಪ್‌ಗೂ ಬರೆದವರ ಡಿಜಿಟಲ್ ಸಹಿಯನ್ನು ಕೇಳುತ್ತದೆ. ಒಡೆದ ಕೂಡಲೇ ಆ ಸಹಿ ಹೋಗಿ ಒಡೆದವನ ಸಹಿ ಬರುತ್ತದೆ. ಅಂದರೆ ಇನ್ನು ಮುಂದೆ ಮೂಲ ಡೆವಲಪರನ ಭದ್ರತಾ ಅಪ್‌ಡೇಟ್ ಅದಕ್ಕೆ ಇಳಿಯುವುದಿಲ್ಲ, ಒಳಗೆ ಏನು ಸೇರಿಸಿದ್ದಾನೆಂದು ಯಾರಿಗೂ ತಿಳಿಯದು. ಚಲನ್ ಹೆಸರಿನಲ್ಲಿ, ಮದುವೆಯ ಆಮಂತ್ರಣದ ಹೆಸರಿನಲ್ಲಿ ವಾಟ್ಸ್ಆ್ಯಪ್‌ಗೆ ಬಂದ ಎಪಿಕೆ ಹಾಕಿಕೊಂಡು ಬ್ಯಾಂಕ್ ಖಾತೆ ಬರಿದಾದವರ ಸುದ್ದಿಯನ್ನು ನೀವೂ ಓದಿರುತ್ತೀರಿ. ಗಿರಾಕಿಗಳ ಆಧಾರ್ ಪ್ರತಿ, ಅಂಕಪಟ್ಟಿಗಳೆಲ್ಲ ನಿಮ್ಮ ಫೋನಿನ ಮೂಲಕ ಪ್ರಿಂಟರಿಗೆ ಹೋಗುತ್ತವೆ. ಆ ಫೋನಿನಲ್ಲಿ ಇಂಥದ್ದು ಬೇಡವೇ ಬೇಡ.

ಕೊನೆಯದಾಗಿ, ನೀವು ಕೇಳದ ಒಂದು ಮಾತು. ನಿಮ್ಮಿಂದ ಸಿಗಬಹುದಾದ ಅತ್ಯಂತ ಬೆಲೆಯುಳ್ಳ ನೆರವು ಹಣವಲ್ಲದಿರಬಹುದು. ಹನ್ನೊಂದು ವರ್ಷ ದಿನವಿಡೀ ಈ ತಂತ್ರಾಂಶಗಳಲ್ಲಿ ಕನ್ನಡ ಜೋಡಿಸಿದವರು ಹೆಚ್ಚು ಜನ ಇಲ್ಲ. ಪಿಡಿಎಫ್ ಮಾಡಿದಾಗ ಅರ್ಕಾವತ್ತು ಎಲ್ಲಿ ಜಾರುತ್ತದೆ, ಯಾವ ಫಾಂಟಿನಲ್ಲಿ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ ಎಂಬುದು ಬರ್ಲಿನ್ನಿನಲ್ಲಿ ಕೂತ ಪರೀಕ್ಷಕರ ಕಣ್ಣಿಗೆ ಬೀಳುವುದೇ ಇಲ್ಲ, ನಿಮಗೆ ಒಂದೇ ನೋಟಕ್ಕೆ ಕಾಣುತ್ತದೆ. ಲಿಬ್ರೆಆಫೀಸ್‌ಗೆ ಬಗ್‌ಝಿಲ್ಲಾ ಎಂಬ ದೂರುಪುಸ್ತಕವಿದೆ, ಅದರಲ್ಲಿ ಖಾತೆ ತೆರೆಯಲು ಹಣ ಬೇಕಿಲ್ಲ. ಇಂಗ್ಲಿಷಿನಲ್ಲಿ ಬರೆಯಲು ಮಗನ ನೆರವು ಪಡೆಯಿರಿ. ಕೆಡುವ ಪದ ಯಾವುದು, ಫಾಂಟಿನ ಹೆಸರೇನು, ತಂತ್ರಾಂಶದ ಆವೃತ್ತಿ ಯಾವುದು, ಹೇಗೆ ಕಾಣಬೇಕಿತ್ತು, ಹೇಗೆ ಕಾಣುತ್ತಿದೆ ಎಂಬ ಐದು ಸಂಗತಿಗಳನ್ನು ಬರೆದು, ತೆರೆಯ ಚಿತ್ರವೊಂದನ್ನೂ ಆ ಪದವಿರುವ ಸಣ್ಣ ಕಡತವೊಂದನ್ನೂ ಲಗತ್ತಿಸಿ. ಕಡತದಲ್ಲಿ ಗಿರಾಕಿಗಳ ಹೆಸರು, ಫೋನ್ ಸಂಖ್ಯೆ ಇರದಂತೆ ನೋಡಿಕೊಳ್ಳಿ, ಏಕೆಂದರೆ ಆ ಪುಟ ಎಲ್ಲರಿಗೂ ಕಾಣುತ್ತದೆ.